ಹೊಸ ಹಡಗಿನ ಮೊದಲ ಮಳೆಗಾಲ

ಮಲೆನಾಡಿನಲ್ಲಿ ಹೊಸ ಮನೆಯ ಹಣೆಬರಹ ಗೃಹಪ್ರವೇಶದ ದಿನ ಗೊತ್ತಾಗುವುದಿಲ್ಲ. ಅವತ್ತು ಎಲ್ಲವೂ ಚಂದ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅಡುಗೆಮನೆಯ ಮೂಲೆ ಸೋರುತ್ತದೆ, ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ, ಬಚ್ಚಲ ನೀರು ಹೋಗಬೇಕಾದ ಕಡೆ ಹೋಗುವುದಿಲ್ಲ. ತಿಳಿದವರು ಒಂದು ಮಳೆಗಾಲ ಕಳೆಯುವ ತನಕ ಮೇಸ್ತ್ರಿಯ ಲೆಕ್ಕ ಪೂರ್ತಿ ಚುಕ್ತಾ ಮಾಡುವುದಿಲ್ಲ. ಹೊಸ ಹಡಗಿನಲ್ಲಿ ಕ್ರೂಸ್ ಹೋಗುತ್ತೇವೆ ಅಂತ ಬರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ಮೊದಲೆಲ್ಲ ಕಾಶಿ, ರಾಮೇಶ್ವರ, ಹೆಚ್ಚೆಂದರೆ ದುಬೈ. ಈಗೀಗ ಕ್ರೂಸ್ ಕೇಳಿಕೊಂಡು ಬರುವವರು ಜಾಸ್ತಿಯಾಗಿದ್ದಾರೆ. ನಮ್ಮ ಕಡೆಯವರಿಗೆ ಹಡಗು ಅಂದರೆ ಹೊಳೆಬಾಗಿಲಿನ ಲಾಂಚು. ಬಸ್ಸು, ಜೀಪು, ಸಿಗಂದೂರಿಗೆ ಹೊರಟ ಜನ ಎಲ್ಲ ಒಟ್ಟಿಗೆ ಹತ್ತಿ ಶರಾವತಿ ಹಿನ್ನೀರು ದಾಟುತ್ತಿದ್ದದ್ದು. 2025ರ ಜುಲೈನಲ್ಲಿ ಅಲ್ಲಿ ಸೇತುವೆಯಾಯಿತು. ಲಾಂಚು ಬಿಟ್ಟವರು ನೇರ ಇಪ್ಪತ್ತು ಅಂತಸ್ತಿನ ಹಡಗಿಗೇ ಕಾಲಿಡಲು ಹೊರಟ ಹಾಗಿದೆ.

ಹೋದ ತಿಂಗಳು ತೀರ್ಥಹಳ್ಳಿ ಕಡೆಯ ತೋಟದ ಯಜಮಾನರೊಬ್ಬರು ಮನೆಯವರ ಜೊತೆ ಬಂದಿದ್ದರು. ರಾಶಿ ಅಡಿಕೆ ಮಂಡಿಗೆ ಹಾಕಿ ಒಳ್ಳೆಯ ಧಾರಣೆ ಸಿಕ್ಕ ಖುಷಿ. ಬೆಂಗಳೂರಿನ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು ಸೇರಿ ಹೊರಡುವವರು ಆರು ಜನ. ಮಗ ವಾಟ್ಸಾಪಿನಲ್ಲಿ ಕಳಿಸಿದ್ದ ಜಾಹೀರಾತನ್ನು ಮೇಜಿನ ಮೇಲಿಟ್ಟರು. ಸಿಂಗಾಪುರದಿಂದ ಹೊರಡುವ ಹೊಚ್ಚ ಹೊಸ ಹಡಗು. "ಮೊದಲನೇ ಟ್ರಿಪ್ಪೇ ಮಾಡಿಕೊಡಿ ಮಾರಾಯ್ರೆ. ಹೊಸತರಲ್ಲೇ ಹೋಗಬೇಕು" ಅಂದರು.

ಯಜಮಾನರ ಹೆಂಡತಿ, ಆ ಅಮ್ಮ, ಕನ್ನಡಕ ಹಾಕಿಕೊಂಡು ಚಿತ್ರವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಇದು ಫೋಟೊನಾ, ಬಿಡಿಸಿದ್ದಾ? ಕೊಳದ ಹತ್ತಿರ ನಿಂತವರಿಗೆ ನೆರಳೇ ಇಲ್ಲವಲ್ಲ."

ನನ್ನ ಆಫೀಸಿಗೆ ಬಂದವರಲ್ಲಿ ಈ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಅವರು ಕಂಡದ್ದು ಸರಿ. ಹೊಸ ಹಡಗಿನ ಟಿಕೆಟ್ ಮಾರಾಟಕ್ಕೆ ಬರುವುದು ಹೊರಡುವುದಕ್ಕೆ ಒಂದೂವರೆ ಎರಡು ವರ್ಷ ಮುಂಚೆ. ಆಗ ಹಡಗು ಫಿನ್‌ಲೆಂಡಿನ ಟುರ್ಕುವಿನಲ್ಲೋ, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲೋ, ಇಟಲಿಯ ಮೊನ್‌ಫಾಲ್ಕೊನೆಯಲ್ಲೋ ಉಕ್ಕಿನ ತುಂಡುಗಳಾಗಿ ಬಿದ್ದಿರುತ್ತದೆ. ಜಾಹೀರಾತಿನ ಈಜುಕೊಳ, ಊಟದ ಕೋಣೆ, ಬಾಲ್ಕನಿಯಿಂದ ಕಾಣುವ ಸೂರ್ಯಾಸ್ತ ಎಲ್ಲವೂ ಕಂಪ್ಯೂಟರಿನಲ್ಲಿ ಬಿಡಿಸಿದ್ದು. ನಾವು ಕೊಳ್ಳುತ್ತಿರುವುದು ನಕ್ಷೆ.

ನಕ್ಷೆ ಹಡಗಾಗುವ ದಾರಿಯಲ್ಲಿ ಎಲ್ಲಿ ಬೇಕಾದರೂ ತಡವಾಗಬಹುದು. ದೊಡ್ಡ ದೊಡ್ಡ ಬ್ಲಾಕುಗಳನ್ನು ಬೆಸೆದು ಒಡಲು ಕಟ್ಟುತ್ತಾರೆ. ಕ್ಯಾಬಿನ್ನುಗಳನ್ನು ಬೇರೆ ಕಡೆ ಸ್ನಾನದಮನೆ ಸಮೇತ ತಯಾರಿಸಿ ತಂದು ಪೆಟ್ಟಿಗೆಯ ಹಾಗೆ ಒಳಗೆ ತಳ್ಳುತ್ತಾರೆ. ನೀರಿಗಿಳಿಸಿದ ಮೇಲೂ ವೈರಿಂಗು, ಕೊಳಾಯಿ, ಅಡುಗೆಮನೆ, ರಂಗಮಂದಿರ ಬಾಕಿ ಇರುತ್ತದೆ. ಆಮೇಲೆ ಖಾಲಿ ಹಡಗನ್ನು ಕಡಲಿಗೆ ಒಯ್ದು ಎಂಜಿನ್ ಎಷ್ಟು ಎಳೆಯುತ್ತದೆ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಪಾಸಾಗಿ, ಕಾಗದಪತ್ರ ಮುಗಿದ ಮೇಲೆ ಕಂಪನಿಯ ಕೈಗೆ. ಒಂದು ಕಡೆ ಕೊಂಡಿ ತಪ್ಪಿದರೂ ಮೊದಲ ಪಯಣ ಮುಂದಕ್ಕೆ ಹೋಗುತ್ತದೆ.

ದೊಡ್ಡ ದೊಡ್ಡವರಿಗೇ ಹೀಗಾಗಿದೆ. ಸಿಂಗಾಪುರದ ಡಿಸ್ನಿ ಅಡ್ವೆಂಚರ್ ಹಡಗಿನ ಕಥೆ ನಮ್ಮೂರಲ್ಲಿ ಅರ್ಧಕ್ಕೆ ನಿಂತ ಮನೆ ಕೊಂಡವರ ಕಥೆಯ ಹಾಗೇ ಇದೆ. ಅದನ್ನು ಮೊದಲು ಜರ್ಮನಿಯ ವಿಸ್ಮಾರ್‌ನಲ್ಲಿ ಗ್ಲೋಬಲ್ ಡ್ರೀಮ್ ಎಂಬ ಹೆಸರಿನಲ್ಲಿ ಬೇರೆ ಕಂಪನಿಗೆ ಕಟ್ಟುತ್ತಿದ್ದರು. 2022ರಲ್ಲಿ ಹಡಗುಕಟ್ಟೆಯೇ ದಿವಾಳಿಯಾಯಿತು. ಅದೇ ವರ್ಷ ಡಿಸ್ನಿಯವರು ಕೊಂಡು, ಒಳಗೆಲ್ಲ ಬದಲಾಯಿಸಿ, 2025ರ ಡಿಸೆಂಬರ್ 15ಕ್ಕೆ ಮೊದಲ ಪಯಣ ಎಂದರು. ಅದು 2026ರ ಮಾರ್ಚ್ 10ಕ್ಕೆ ಹೋಯಿತು. ರಿಟ್ಜ್ ಕಾರ್ಲ್‌ಟನ್‌ನವರ ಎವ್ರಿಮಾ 2020ರಲ್ಲಿ ಹೊರಡಬೇಕಾದದ್ದು, ಹೊರಟದ್ದು 2022ರ ಅಕ್ಟೋಬರಿನಲ್ಲಿ. ಎಲ್ಲರೂ ತಡ ಮಾಡುತ್ತಾರೆ ಎಂದಲ್ಲ. 365 ಮೀಟರ್ ಉದ್ದದ ಐಕಾನ್ ಆಫ್ ದಿ ಸೀಸ್, ಗರಿಷ್ಠ 7,600 ಪ್ರಯಾಣಿಕರು ಹಿಡಿಯುವಂಥದ್ದು, 2024ರ ಜನವರಿ 27ಕ್ಕೆ ಹೇಳಿದ ದಿನವೇ ಮಯಾಮಿ ಬಿಟ್ಟಿತು.

ನನಗೆ ಈ ಪಾಠ ಆದದ್ದು ಪುಸ್ತಕದಿಂದಲ್ಲ. ಕಂಪನಿಯ ಹೆಸರು ಬೇಡ. ಸಾಗರದ ಕಡೆಯ ಒಂದೇ ಮನೆತನದ ಒಂಬತ್ತು ಜನಕ್ಕೆ ಹೊಸ ಹಡಗೊಂದರ ನಾಲ್ಕನೇ ಪಯಣ ಬುಕ್ ಮಾಡಿದ್ದೆ. ಯುರೋಪಿನ ಕಡೆ. ಹೊರಡಲು ಆರು ವಾರ ಇರುವಾಗ, ಶನಿವಾರ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ, ಒಂದು ಮೇಲ್ ಬಂತು. ಹಡಗು ತಯಾರಿಲ್ಲ, ಪೂರ್ತಿ ಹಣ ವಾಪಸ್, ಮುಂದಿನ ಪಯಣಕ್ಕೆ ರಿಯಾಯಿತಿ. ಕಂಪನಿ ಕೊಟ್ಟ ಮಾತಿನ ಹಾಗೆ ಹಣ ಕೊಟ್ಟಿತು. ವಿಮಾನದ ಟಿಕೆಟ್ ಮಾತ್ರ ನಾನು ಅಗ್ಗಕ್ಕೆ ಸಿಗುತ್ತದೆಂದು ರದ್ದಾದರೆ ಹಣ ಬಾರದ ದರದಲ್ಲಿ ತೆಗೆದಿದ್ದೆ. ಶೆಂಗೆನ್ ವೀಸಾ ನಾವು ಕೊಟ್ಟ ದಿನಾಂಕಕ್ಕೆ ಕಟ್ಟುಬಿದ್ದು ಬಂದಿತ್ತು. ಹಡಗು ಮುಂದಕ್ಕೆ ಹೋದರೆ ವೀಸಾ ಮುಂದಕ್ಕೆ ಹೋಗುವುದಿಲ್ಲ. ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿದರೆ, ಕಾಯಿಲೆ ಬಿದ್ದರೆ ಉಂಟು, ಮನೆಯಲ್ಲಿ ಸಾವಾದರೆ ಉಂಟು, ಹಡಗು ಕಟ್ಟಿ ಮುಗಿಯದಿದ್ದರೆ ಎಂಬ ಸಾಲು ಎಲ್ಲೂ ಇಲ್ಲ. ಆ ಮನೆಯ ದೊಡ್ಡವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

ಹಾಗಾಗಿ ಹೊಸ ಹಡಗಿನ ಮಟ್ಟಿಗೆ ನನ್ನ ಲೆಕ್ಕ ಉಲ್ಟಾ. ಉಳಿದ ಪ್ರವಾಸದಲ್ಲಿ ದಿನಾಂಕ ಗಟ್ಟಿ ಮಾಡಿ, ಅದರ ಸುತ್ತ ಎಲ್ಲವನ್ನೂ ಬಿಗಿಯುತ್ತೇವೆ. ಇಲ್ಲಿ ಎಲ್ಲಕ್ಕಿಂತ ಸಡಿಲ ಇರುವುದು ದಿನಾಂಕವೇ. ಅದಕ್ಕೆ ಕಟ್ಟುವ ಪ್ರತಿಯೊಂದು ಹಗ್ಗಕ್ಕೂ ಜಾರುಗಂಟು ಹಾಕಬೇಕು. ವಿಮಾನದ ಟಿಕೆಟ್ ದಿನ ಬದಲಾಯಿಸಲು ಬರುವಂಥದ್ದು ತೆಗೆಯಿರಿ, ಎರಡು ಮೂರು ಸಾವಿರ ಜಾಸ್ತಿಯಾದರೂ ಸರಿ. ಹೋಟೆಲ್ ಹಿಂದಿನ ದಿನದ ತನಕ ರದ್ದು ಮಾಡಬಹುದಾದದ್ದು. ವೀಸಾಕ್ಕೆ ಅರ್ಜಿ ಹಾಕುವುದು, ಹಡಗು ಕಂಪನಿಯ ಕೈಗೆ ಬಂದ ಸುದ್ದಿ ನೋಡಿಕೊಂಡು, ಆದರೆ ತೀರಾ ಕೊನೆಗಳಿಗೆಗೆ ಬಿಡದೆ. ಹಡಗಿನ ಹಣ ಒಂದೇ ಸಲ ಕಟ್ಟಬೇಡಿ. ಮುಂಗಡ ಕೊಟ್ಟು, ಬಾಕಿ ಕಟ್ಟುವ ಕೊನೆಯ ದಿನ ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಅದು ಹೊರಡುವ ಮೂರು ತಿಂಗಳು ಮುಂಚೆ ಆಸುಪಾಸು ಬರುತ್ತದೆ. ಅಷ್ಟು ಹೊತ್ತಿಗೆ ಕಡಲಿನ ಪರೀಕ್ಷೆ ಮುಗಿದಿದೆಯೋ ಇಲ್ಲವೋ ಎನ್ನುವುದು ಸುದ್ದಿಯಾಗಿರುತ್ತದೆ. ಮುಗಿದಿಲ್ಲ ಅಂದರೆ ನಾನು ಗಿರಾಕಿಗೆ ಫೋನ್ ಮಾಡಿ, ಬಾಕಿ ಕಟ್ಟುವ ಮುಂಚೆ ಇನ್ನೊಮ್ಮೆ ಯೋಚಿಸಿ ಅನ್ನುತ್ತೇನೆ.

ಮೊದಲ ಪಯಣದ ಆಸೆ ಬೇಡ ಅನ್ನುವುದು ಇದಕ್ಕೇ. ಹೊರಟರೂ ಮೊದಲ ಒಂದೆರಡು ತಿಂಗಳು ಹಡಗಿನೊಳಗೆ ರಿಪೇರಿಯವರು ಓಡಾಡುತ್ತಿರುತ್ತಾರೆ. ಸಿಬ್ಬಂದಿ ಅನುಭವಸ್ಥರೇ, ಬೇರೆ ಬೇರೆ ಹಡಗಿನಿಂದ ಬಂದವರು. ಒಟ್ಟಿಗೆ ಬಡಿಸಿ ಅಭ್ಯಾಸವಿಲ್ಲ. ಮದುವೆ ಮನೆಯಲ್ಲಿ ಹೊಸ ಅಡುಗೆಭಟ್ಟರ ತಂಡದ ಮೊದಲ ಪಂಕ್ತಿ ನೆನಪಿಸಿಕೊಳ್ಳಿ. ಅದರ ಮೇಲೆ ಮೊದಲ ಸೀಸನ್ನಿನ ದರವೇ ಜಾಸ್ತಿ. ಅದೇ ಹಡಗು, ಅದೇ ಕ್ಯಾಬಿನ್, ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ. ಇನ್ನೊಂದು ಒಳದಾರಿ ಇದೆ: ಒಂದೇ ಅಚ್ಚಿನಲ್ಲಿ ಕಟ್ಟಿದ ಎರಡನೇ ಅಥವಾ ಮೂರನೇ ಹಡಗು ಹುಡುಕಿ. ಐಕಾನ್ ಆದ ಮೇಲೆ ಅದೇ ನಮೂನೆಯ ಸ್ಟಾರ್ ಆಫ್ ದಿ ಸೀಸ್ 2025ರ ಆಗಸ್ಟಿನಲ್ಲಿ ಬಂತು. ಹಡಗು ಹೊಸತು, ನಕ್ಷೆ ಹಳತು. ಮೊದಲು ಬಂದ ಅಕ್ಕ-ಹಡಗಿನಲ್ಲಿ ಹೋಗಿಬಂದವರ ನಿಜವಾದ ಫೋಟೊ ನೋಡಿ ಕ್ಯಾಬಿನ್ ಆರಿಸಬಹುದು. ನೆರಳಿರುವ ಫೋಟೊ.

ಕ್ಯಾಬಿನ್ ವಿಷಯಕ್ಕೆ ಬರೋಣ. ಯಜಮಾನರಿಗೆ ತುತ್ತತುದಿಯ ಅಂತಸ್ತಿನಲ್ಲಿ, ಮೂತಿಯ ಹತ್ತಿರ ಬೇಕಿತ್ತು, ಎಲ್ಲ ಕಾಣುತ್ತದೆಂದು. ನಾನು ಅಂತಸ್ತುಗಳ ನಕ್ಷೆ ಬಿಡಿಸಿ ಕೇಳಿದೆ, "ಆಗುಂಬೆ ಘಾಟಿ ಇಳಿಯುವಾಗ ನೀವು ಬಸ್ಸಲ್ಲಿ ಎಲ್ಲಿ ಕೂರ್ತೀರಿ?" "ನಡುವೆ" ಅಂದರು. "ಹಿಂದೆ ಕೂತರೆ ಇವಳಿಗೆ ವಾಂತಿ." ಹಡಗಿನಲ್ಲೂ ಲೆಕ್ಕ ಅದೇ. ತಕ್ಕಡಿಯ ಮುಳ್ಳಿನ ಹತ್ತಿರ ಅಲುಗಾಟ ಕಡಿಮೆ, ತಟ್ಟೆಯ ಕಡೆ ಜಾಸ್ತಿ. ಉದ್ದದಲ್ಲಿ ನಡುವೆ, ಎತ್ತರದಲ್ಲಿ ಕೆಳಗಿನ ಅಂತಸ್ತು. ಹೊಸ ಹಡಗುಗಳಿಗೆ ಎರಡೂ ಬದಿಯಲ್ಲಿ ಮೀನಿನ ರೆಕ್ಕೆಯಂಥ ಸಲಕರಣೆ ಇದ್ದು ಓಲಾಟ ತಡೆಯುತ್ತದೆ, ಸಿಂಗಾಪುರದ ಪಕ್ಕದ ಮಲಾಕ್ಕಾ ಜಲಸಂಧಿಯ ನೀರು ಬೇರೆ ಶಾಂತ. ಆದರೂ ಘಾಟಿಯಲ್ಲಿ ನಿಂಬೆಹಣ್ಣು ಮೂಸುವವರು ಹೊರಡುವ ಮುಂಚೆ ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳುವುದು ಒಳ್ಳೆಯದು. ಆಮೇಲೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ. ಕ್ಯಾಬಿನ್ನಿನ ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇರಬೇಕು. ಮೇಲೆ ಈಜುಕೊಳ ಇದ್ದರೆ ಬೆಳಗಿನ ಜಾವವೇ ಕುರ್ಚಿ ಎಳೆಯುವ ಸದ್ದು, ಕೆಳಗೆ ರಂಗಮಂದಿರ ಇದ್ದರೆ ರಾತ್ರಿ ಡ್ರಮ್ಮು. ಹಳೆಯ ಹಡಗಾದರೆ ಯಾವ ಕ್ಯಾಬಿನ್ ಗಲಾಟೆ ಎಂದು ಹೋಗಿಬಂದವರು ಹೇಳುತ್ತಾರೆ. ಹೊಸತರಲ್ಲಿ ನಕ್ಷೆಯೊಂದೇ ಗತಿ.

ನಮ್ಮ ಕಡೆಯವರಿಗೆ ಅಂಟಿಕೊಂಡ ಒಂದು ರಗಳೆ ಹೆಸರಿನದು. ನಮ್ಮ ಹೆಸರಿನ ಹಿಂದೆಯೋ ಮುಂದೆಯೋ ಅಪ್ಪನ ಹೆಸರಿನ, ಊರಿನ ಹೆಸರಿನ ಒಂದಕ್ಷರ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಹಡಗಿನ ಬುಕಿಂಗ್ ಫಾರ್ಮು ಖಾಲಿ ಜಾಗ ಒಪ್ಪುವುದಿಲ್ಲ. ಒಬ್ಬರು ಅಲ್ಲಿ ಊರಿನ ಹೆಸರು ತುಂಬುತ್ತಾರೆ, ವಿಮಾನದ ಟಿಕೆಟಿನಲ್ಲಿ ಅಪ್ಪನ ಹೆಸರು, ವೀಸಾದಲ್ಲಿ ಮತ್ತೊಂದು. ಮೂರು ಕಾಗದದಲ್ಲಿ ಮೂರು ಜನ ಹೊರಟ ಹಾಗಾಗುತ್ತದೆ. ಸಮಯವಿದ್ದರೆ ಪಾಸ್‌ಪೋರ್ಟನ್ನೇ ಸರಿಮಾಡಿಸಿ. ಇಲ್ಲವಾದರೆ ಎಲ್ಲ ಕಡೆ ಒಂದೇ ರೀತಿ ಬರೆಸಿ. ಅವಧಿ ಮುಗಿಯಲು ಪ್ರವಾಸದ ದಿನದಿಂದ ಆರು ತಿಂಗಳಿಗಿಂತ ಕಡಿಮೆ ಇದ್ದರೆ ಹೊಸತಕ್ಕೆ ಹಾಕಿ. ಹಡಗು ಮುಂದಕ್ಕೆ ಹೋದರೆ ಆ ಆರು ತಿಂಗಳೂ ಕರಗುತ್ತದೆ ಎನ್ನುವುದು ನೆನಪಿರಲಿ.

"ಅನ್ನ ಸಾರು ಸಿಗ್ತದಾ?" ಅಂತ ಅಮ್ಮ ಕೇಳಿದರು. ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ನಮ್ಮ ದೇಶದವರು ತುಂಬ ಇರುವುದರಿಂದ ಸಸ್ಯಾಹಾರಕ್ಕೆ ಬರವಿಲ್ಲ. ಸಾರು ನಮ್ಮ ಸಾರಲ್ಲ, ಅಷ್ಟೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಬುಕಿಂಗ್ ಹೊತ್ತಿಗೇ ಬರೆಸಬೇಕು. ಹಾಗಂತ 'ಜೈನ ಊಟ' ಎಂದು ಗುರುತು ಹಾಕಿದರೆ ಆಲೂಗಡ್ಡೆ, ಕ್ಯಾರೆಟ್ಟೂ ಹೋಗುತ್ತದೆ. ಮನೆಯ ತಿಂಡಿ ಒಯ್ಯಲು ಬಹುತೇಕ ಹಡಗುಗಳು ಬಿಡುವುದಿಲ್ಲ, ಸೀಲ್ ಒಡೆಯದ ಪ್ಯಾಕೆಟ್ಟಾದರೆ ಅಡ್ಡಿಯಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮನೆಯಲ್ಲೇ ಇರಲಿ. ಯಜಮಾನರ ಎಲೆಯಡಿಕೆ ಸಂಚಿಯ ಕಡೆಯೂ ಒಂದು ಕಣ್ಣು ಹಾಯಿಸಿದೆ. ಜಗಿಯುವ ತಂಬಾಕು ಸಿಂಗಾಪುರದೊಳಗೆ ನಿಷೇಧ, ಒಂದೆಸಳೂ ಬೇಡ ಎಂದೆ. ಅಡಿಕೆ ಬೆಳೆಗಾರರ ಮುಖ ಸಣ್ಣದಾಯಿತು. ಕಾಫಿ ಕಾಯಿಸಲು ಕರೆಂಟಿನ ಕೆಟಲ್, ಇಸ್ತ್ರಿಪೆಟ್ಟಿಗೆ ಒಯ್ದರೂ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಕಡಲಲ್ಲಿ ಬೆಂಕಿಗಿಂತ ದೊಡ್ಡ ಭಯ ಇಲ್ಲ.

ದುಡ್ಡಿನ ವಿಷಯ ಚುಟುಕಾಗಿ. ಟಿಕೆಟಿನ ದರದ ಮೇಲೆ ಟಿಪ್ಸ್ ಲೆಕ್ಕ ಬೇರೆ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್, ಮಕ್ಕಳಿಗೂ ಸೇರಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕದಿದ್ದರೆ ಹಡಗಿನ ನೆಟ್‌ವರ್ಕಿನ ಬಿಲ್ಲು ನೋಡಿ ತಲೆ ತಿರುಗುತ್ತದೆ. ಹಡಗಿನ ಡಾಕ್ಟರ ಫೀಸು ಡಾಲರಿನಲ್ಲಿ ನಿಮ್ಮ ಲೆಕ್ಕಕ್ಕೇ ಬರುತ್ತದೆ, ಇನ್ಶೂರೆನ್ಸಿನಲ್ಲಿ ಕ್ರೂಸ್ ಎಂಬ ಪದ ಇದೆಯೇ ನೋಡಿಕೊಳ್ಳಿ. ವಿದೇಶ ಪ್ಯಾಕೇಜಿನ ಮೇಲೆ ನಾವು ಹಿಡಿಯುವ ಟಿಸಿಎಸ್ ಎಂಬ ತೆರಿಗೆ ನಮ್ಮ ಜೇಬಿಗೆ ಹೋಗುವುದಿಲ್ಲ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಇದನ್ನು ನಾನು ದಿನಕ್ಕೆ ಮೂರು ಸಲ ಹೇಳುತ್ತೇನೆ.

ಇಲ್ಲಿಂದ ಹೊರಡುವುದು ಹೇಗೆ? 2023ರಲ್ಲಿ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣ ಆದ ಮೇಲೆ ಎಲ್ಲರಿಗೂ ಅಲ್ಲಿಂದಲೇ ಹಾರುವ ಆಸೆ. ನನಗೂ ಹೆಮ್ಮೆಯೇ. ಆದರೆ ಮೋಡ, ಮಂಜು ನಮ್ಮ ಮಾತು ಕೇಳುವುದಿಲ್ಲ. ಹಡಗು ಹಿಡಿಯುವ ದಿನವೇ ಸಿಂಗಾಪುರ ತಲುಪುವ ಲೆಕ್ಕ ಯಾರಿಗೂ ಹಾಕಿಕೊಡುವುದಿಲ್ಲ. ಹಿಂದಿನ ದಿನವೇ ಅಲ್ಲಿ ಇರಬೇಕು. ಹೊರಡುವ ಒಂದೂವರೆ ಗಂಟೆ ಮುಂಚೆಯೇ ಹತ್ತಿಸಿಕೊಳ್ಳುವುದು ನಿಲ್ಲಿಸಬಹುದು. ಹೊಳೆಬಾಗಿಲಿನಲ್ಲಿ ಕೈ ಬೀಸಿದರೆ ಲಾಂಚಿನವರು ಸ್ವಲ್ಪ ಕಾಯುತ್ತಿದ್ದರು. ಇವರು ಕಾಯುವುದಿಲ್ಲ.

ಕಡೆಗೆ ತಿಂಗಳು ಯಾವುದು ಅಂತ ಕೂತೆವು. ಮೊದಲ ಪಯಣ ಬೇಡ, ಮೂರ್ನಾಲ್ಕು ತಿಂಗಳು ಬಿಡಿ ಎಂದೆ. ಜೂನ್ ಹೇಳಿದರೆ ಸಿಂಗಾಪುರದಲ್ಲಿ ಶಾಲೆಗೆ ರಜೆ, ದರ ಏರಿರುತ್ತದೆ. ಜುಲೈ ಎಂದೆ.

"ಜುಲೈಯಲ್ಲಿ ತೋಟಕ್ಕೆ ಔಷಧಿ ಹೊಡೆಸೋರು ಯಾರು?" ಅಂದರು ಯಜಮಾನರು. "ಒಂದು ಸುತ್ತು ಬೋರ್ಡೋ ತಪ್ಪಿದರೆ ಕೊಳೆರೋಗ ಬಂದು ಅಡಿಕೆ ಉದುರಿ ಹೋಗ್ತದೆ. ಹಡಗಲ್ಲಿ ಕೂತು ಎಂತ ಮಾಡೋದು?"

ನವೆಂಬರಿಗೆ ಕೊನೆಕೊಯ್ಲು, ಅಡಿಕೆ ಗೊನೆ ಇಳಿಸುವ ಕೆಲಸ. ಅದು ಹಿಡಿದರೆ ಸುಲಿ, ಬೇಯಿಸು, ಒಣಗಿಸು, ಫೆಬ್ರವರಿ ತನಕ ಮನೆ ಬಿಡುವ ಹಾಗಿಲ್ಲ. ಉಳಿದದ್ದು ಅಕ್ಟೋಬರ್, ಮೊಮ್ಮಕ್ಕಳ ದಸರಾ ರಜೆ. ಮಳೆ ಹಿಂದಾಗಿರುತ್ತದೆ, ಕೊಯ್ಲು ಹಿಡಿದಿರುವುದಿಲ್ಲ, ಹಡಗಿಗೂ ಒಂದಿಷ್ಟು ಪಯಣದ ಅಭ್ಯಾಸ ಆಗಿರುತ್ತದೆ. ನಾನು ಡೈರಿ ತೆಗೆದು ಪೆನ್ನು ಹಿಡಿದೆ.

"ಪೆನ್ಸಿಲಲ್ಲಿ ಬರೀರಿ" ಅಂದರು. "ಕೊನೆಗಾರನ್ನ ಕೇಳಿ ಹೇಳ್ತೇನೆ."