ಯಾರದೂ ಅಲ್ಲದ ಖಾತೆಗಳು

ಹಾಸನದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಲಿನಕ್ಸ್ ಕಲಿಯಲು ಕೂತವರು ಖಾತೆಗಳ ಪಟ್ಟಿಯಿರುವ ಪಾಸ್‌ವರ್ಡ್ ಫೈಲ್ ತೆರೆದು ನೋಡಲಿ. ತಮ್ಮ ಹೆಸರಿಗಿಂತ ಮೊದಲು ಅಪರಿಚಿತರ ಸಾಲೇ ಇರುತ್ತದೆ. ರೂಟ್, ಡೀಮನ್, ಬಿನ್, ಸಿಂಕ್, ಎಲ್‌ಪಿ, ಯುಯುಸಿಪಿ. "ಇವರೆಲ್ಲ ಯಾರು ಸಾರ್?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇವರ್‍ಯಾರೂ ಮನುಷ್ಯರಲ್ಲ. ಲಿನಕ್ಸ್ ಯಾವುದರ ಮಾದರಿಯಲ್ಲಿ ಬಂತೋ ಆ ಯುನಿಕ್ಸ್ ತನ್ನ ಮನೆಗೆಲಸಕ್ಕೆ ಇಟ್ಟುಕೊಂಡ ಖಾತೆಗಳು.

ಯುನಿಕ್ಸ್ ಶುರುವಾದದ್ದು 1969ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಅದರಲ್ಲಿ ಅಧಿಕಾರ ಹೆಸರಿನಲ್ಲಿಲ್ಲ, ಸಂಖ್ಯೆಯಲ್ಲಿದೆ. ಯಾವ ಖಾತೆಯ ಸಂಖ್ಯೆ ಸೊನ್ನೆಯೋ ಅದೇ ದೊರೆ. ರೂಟ್ ಅನ್ನೋದು ರೂಢಿಯ ಹೆಸರಷ್ಟೇ. ಬೇರೆ ಹೆಸರಿನ ಮುಂದೆ ಸುಮ್ನೆ ಸೊನ್ನೆ ಬರೆದರೂ ಅದಕ್ಕೆ ಪೂರ್ತಿ ಅಧಿಕಾರ ಬಂತು. ಕಳ್ಳರು ಇದನ್ನು ಬೇಗ ಕಲಿತರು.

ಆಗ ಗುಪ್ತಲಿಪಿಯಲ್ಲಿದ್ದ ಪಾಸ್‌ವರ್ಡ್‌ಗಳೂ ಇದೇ ಫೈಲಿನಲ್ಲಿ, ಎಲ್ಲರೂ ಓದುವಂತೆ ಇರುತ್ತಿದ್ದವು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 3,289 ಪಾಸ್‌ವರ್ಡ್ ಪರೀಕ್ಷಿಸಿ 1979ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 86ರಷ್ಟು ಸುಲಭವಾಗಿ ಸಿಗುವಂಥವು! ಒಂದೇ ಅಕ್ಷರದವೂ ಅದರಲ್ಲಿದ್ದವು.

ಮುಂದಿನದ್ದು ಕತೆಗಾರನೂ ಕಟ್ಟಲಾರದ ತಿರುವು. 1988ರ ನವೆಂಬರ್‌ನಲ್ಲಿ ಇಂಟರ್‌ನೆಟ್ಟನ್ನು ಅಲ್ಲಾಡಿಸಿದ ವರ್ಮ್ (ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಪ್ರೋಗ್ರಾಮ್) ಬರೆದವನು ಇದೇ ಮಾರಿಸ್ ಅವರ ಮಗ. ಅದು ಬಳಸಿದ ದಾರಿಗಳಲ್ಲಿ ಪಾಸ್‌ವರ್ಡ್ ಊಹೆಯೂ ಒಂದು. ಮೊದಲು ಖಾಲಿ ಪಾಸ್‌ವರ್ಡ್, ಆಮೇಲೆ ಖಾತೆಯ ಹೆಸರೇ, ಆಮೇಲೆ ಅದನ್ನೇ ತಿರುಗುಮುರುಗಾಗಿ, ಮುಂದೆ ತನ್ನದೇ 432 ಪದಗಳ ಪಟ್ಟಿ. ಗುಪ್ತಲಿಪಿಯ ಭಾಗವನ್ನು ರೂಟ್ ಮಾತ್ರ ಓದಬಲ್ಲ ಶ್ಯಾಡೋ ಫೈಲಿಗೆ ಸಾಗಿಸುವ ಪದ್ಧತಿ ಹರಡಿದ್ದೂ ಆ ಕಾಲದಲ್ಲೇ.

ಆದರೂ ರೂಟ್ ಮೇಲೆ ಎಲ್ಲರ ಕಣ್ಣಿತ್ತು, ಪಕ್ಕದ ಖಾತೆಗಳ ಮೇಲೆ ಯಾರದ್ದೂ ಇರಲಿಲ್ಲ. ನನ್ನ ಪ್ರಕಾರ ನಿಜವಾದ ಕಾಟ ಅಲ್ಲೇ. ಸಿಂಕ್ ಖಾತೆಯನ್ನೇ ನೋಡಿ. ಲಾಗಿನ್ ಆಗದೆಯೇ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಬರೆಸಲಿ ಅಂತ ಅದಕ್ಕೆ ಪಾಸ್‌ವರ್ಡೇ ಇಡದ ಕಾಲವಿತ್ತು. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಐರಿಕ್ಸ್ ಯಂತ್ರಗಳಲ್ಲಿ ಎಲ್‌ಪಿ, ಗೆಸ್ಟ್, ಡೆಮೋಸ್ ಖಾತೆಗಳು ಫ್ಯಾಕ್ಟರಿಯಿಂದಲೇ ಪಾಸ್‌ವರ್ಡ್ ಇಲ್ಲದೆ ಬರುತ್ತಿದ್ದವು. ಎಲ್‌ಪಿ ಇರುವುದು ಪ್ರಿಂಟರ್ ಕೆಲಸಕ್ಕೆ. ಪ್ರಿಂಟರ್ ಖಾತೆಗೆ ಬೀಗ ಯಾಕೆ ಅಂದುಕೊಂಡರೋ ಏನೋ! 1995ರಲ್ಲಿ ಕಂಪ್ಯೂಟರ್ ಸುರಕ್ಷತೆ ನೋಡುವ ಸಿಇಆರ್‌ಟಿ ಸಂಸ್ಥೆ ಇದರ ಬಗ್ಗೆ ಎಚ್ಚರಿಕೆ ಹೊರಡಿಸಬೇಕಾಯಿತು.

ಮದ್ದು ಸರಳ. ಇಂಥ ಖಾತೆಯ ಪಾಸ್‌ವರ್ಡ್ ಜಾಗದಲ್ಲಿ ಯಾವ ಪಾಸ್‌ವರ್ಡೂ ಹೊಂದದಂತೆ ನಕ್ಷತ್ರ ಚಿಹ್ನೆ ಹಾಕುವುದು, ಆಜ್ಞೆ ತೆಗೆದುಕೊಳ್ಳುವ ಶೆಲ್ ಬದಲು ಬಂದವರನ್ನು ವಾಪಸ್ ಕಳಿಸುವ ನೋಲಾಗಿನ್ ಕೊಡುವುದು. ಕೆಲಸ ನಡೆಯುತ್ತದೆ, ಯಾರೂ ಒಳಗೆ ಬರುವಂತಿಲ್ಲ. ರೂಟ್ ವಿಷಯಕ್ಕೆ 1980ರ ಸುಮಾರಿಗೆ ಅಮೆರಿಕದ ಬಫಲೋದ ವಿಶ್ವವಿದ್ಯಾಲಯದಲ್ಲಿ ಸುಡೋ ಹುಟ್ಟಿತ್ತು. ರೂಟ್ ಪಾಸ್‌ವರ್ಡ್ ಕೊಡದೆಯೇ ಬೇಕಾದ ಕೆಲಸಕ್ಕಷ್ಟೇ ರೂಟ್ ಅಧಿಕಾರ ಕೊಡಬಲ್ಲ ಆಜ್ಞೆ. ತೋಟದ ರೈಟರ್ ಕೈಗೆ ಗೋಡೌನ್ ಕೀ ಕೊಟ್ಟು, ಮನೆಯ ಬೀರು ಕೀ ಇಟ್ಟುಕೊಂಡ ಹಾಗೆ ಅದು. 2004ರಲ್ಲಿ ಬಂದ ಉಬುಂಟು ಎಂಬ ಲಿನಕ್ಸ್ ರೂಟ್ ಲಾಗಿನ್ನನ್ನೇ ಮುಚ್ಚಿಟ್ಟು ಸುಡೋ ಮೇಲೆ ನಿಂತಿತು. ಸುಡೋ ಕೂಡ ದೋಷವಿಲ್ಲದ್ದೇನಲ್ಲ. 2011ರಲ್ಲಿ ಸೇರಿಕೊಂಡ ತಪ್ಪೊಂದು ಬಯಲಾದದ್ದು 2021ರಲ್ಲಿ.

ಕಂಪ್ಯೂಟರ್‌ಗಳಲ್ಲಿ ಇಷ್ಟೆಲ್ಲ ಸುಧಾರಿಸುವ ಹೊತ್ತಿಗೆ ಅದೇ ಹಳೇ ರೋಗ ಕ್ಯಾಮೆರಾಗಳಿಗೆ ಬಂತು. ಚಿಕ್ಕಮಗಳೂರಿನ ಕಡೆ ಕಾಫಿ ಒಣಗುವ ಕಣಕ್ಕೆ ಕ್ಯಾಮೆರಾ ಹಾಕಿಸುವವರು ಈಗ ಜಾಸ್ತಿ. ರೆಕಾರ್ಡಿಂಗ್ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದು ಲಿನಕ್ಸೇ, ಅಂದರೆ ಅಲ್ಲೂ ಒಂದು ರೂಟ್ ಖಾತೆ ಇದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಸುಮಾರು 60 ಫ್ಯಾಕ್ಟರಿ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಹಿಡಿದು ಇಂಥ ಲಕ್ಷಾಂತರ ಉಪಕರಣಗಳಿಗೆ ನುಗ್ಗಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳನ್ನೇ ಛೂ ಬಿಟ್ಟು ವೆಬ್‌ಸೈಟ್ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಡೈನ್ ಕಂಪನಿಯ ಮೇಲೆ ದಾಳಿ ನಡೆಯಿತು. ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ತಡವರಿಸಿದವು. ಮಿರಾಯ್ ಇರುತ್ತಿದ್ದುದು ಮೆಮೊರಿಯಲ್ಲಿ ಮಾತ್ರ. ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು, ಪಾಸ್‌ವರ್ಡ್ ಹಾಗೇ ಇದ್ದರೆ ವಾಪಸ್ ಬರುತ್ತಿತ್ತು. ಕೆಲವು ಪೆಟ್ಟಿಗೆಗಳಲ್ಲಂತೂ ಪರದೆಯ ಮೇಲೆ ಮಾಲೀಕರು ಬದಲಿಸುವ ಪಾಸ್‌ವರ್ಡೇ ಬೇರೆ, ಒಳಗಿನ ರೂಟ್ ಪಾಸ್‌ವರ್ಡೇ ಬೇರೆ. ಆ ಎರಡನೆಯದನ್ನು ಬದಲಿಸಲು ತಯಾರಕರು ದಾರಿಯನ್ನೇ ಇಟ್ಟಿರಲಿಲ್ಲ.