ಹೋಶೇಯನ ಮೂರು ಮಕ್ಕಳ ಹೆಸರು ಮತ್ತು ಹಳೇ ಒಡಂಬಡಿಕೆಯ ಮಾತು

ಪ್ರವಾದಿಗಳು ಅಂದ್ರೆ ಮುಂದಾಗೋದನ್ನ ಹೇಳೋರು ಅಂತ ನಾನೂ ತುಂಬಾ ದಿನ ಅನ್ಕೊಂಡಿದ್ದೆ, ಆದ್ರೆ ಬೈಬಲಿನ ಹಳೇ ಒಡಂಬಡಿಕೆಯಲ್ಲಿರೋ ಪ್ರವಾದಿ ಹೋಶೇಯನ ಪುಸ್ತಕದ ಮೊದಲೆರಡು ಅಧ್ಯಾಯನ ಬೈಬಲಿನ ಮೊದಲೆರಡು ಪುಸ್ತಕಗಳಾದ ಆದಿಕಾಂಡ, ವಿಮೋಚನಕಾಂಡದ ಪಕ್ಕ ಇಟ್ಕೊಂಡು ಓದಿದಾಗ ಗೊತ್ತಾಯ್ತು, ಅವನ ಬಾಯಲ್ಲಿರೋ ಮಾತೆಲ್ಲ ದೇವರು ಆಗಲೇ ಕೊಟ್ಟಿದ್ದ ಮಾತುಗಳೇ, ಅವನ್ನ ಮೊದಲು ತಲೆಕೆಳಗೆ ಮಾಡ್ತಾನೆ, ಆಮೇಲೆ ಮತ್ತೆ ನೆಟ್ಟಗೆ ನಿಲ್ಲಿಸ್ತಾನೆ.

ಕಾಲ ಕ್ರಿ.ಪೂ. 8ನೇ ಶತಮಾನ, ಉತ್ತರದ ಇಸ್ರಾಯೇಲ್ ರಾಜ್ಯ, ಎರಡನೇ ಯಾರೊಬ್ಬಾಮನ ಆಳ್ವಿಕೆ. ಹೋಶೇಯನ ಹೆಂಡತಿ ಗೋಮೆರ್‌ಗೆ ಹುಟ್ಟಿದ ಮೂರು ಮಕ್ಕಳ ಹೆಸರೇ ಒಂದೊಂದು ಸಂದೇಶ. ಮೊದಲನೇ ಮಗ ಇಜ್ರೇಲ್. ಅದು ಹಿಂದೆ ಯೇಹು ಅನ್ನೋ ರಾಜ ರಕ್ತ ಹರಿಸಿದ ಊರಿನ ಹೆಸರು, ಯಾರೊಬ್ಬಾಮ ಅದೇ ಯೇಹುವಿನ ಮರಿಮಗ, ಅಂದ್ರೆ ಅರಮನೆಗೆ ನೇರವಾಗಿ ತಟ್ಟೋ ಹೆಸರು.

ಎರಡನೇದು ಹೆಣ್ಣು ಮಗು, ಲೋ ರುಹಾಮ, 'ಕರುಣೆ ಸಿಗದವಳು'. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಸ್ರಾಯೇಲರು ಚಿನ್ನದ ಕರುನ ಪೂಜಿಸಿದ ಪಾಪ ಆದ್ಮೇಲೆ ಸೀನಾಯಿ ಬೆಟ್ಟದಲ್ಲಿ ವಿಮೋಚನಕಾಂಡ 34:6ರಲ್ಲಿ ದೇವರು ಮೋಶೆಗೆ ತನ್ನನ್ನ ಪರಿಚಯ ಮಾಡ್ಕೊಳ್ಳೋ ಮೊದಲ ಗುಣನೇ 'ರಹೂಮ್', ಕರುಣೆಯುಳ್ಳವನು. ರುಹಾಮ, ರಹೂಮ್ ಎರಡೂ ಒಂದೇ ಧಾತುವಿನವು, ಗರ್ಭಕ್ಕೆ ಹೀಬ್ರೂನಲ್ಲಿರೋ 'ರೆಹೆಮ್' ಅನ್ನೋ ಪದದಲ್ಲೂ ಇರೋದು ಅದೇ ಅಕ್ಷರಗಳು. ನಾವು 'ಹೆತ್ತ ಕರುಳು' ಅಂತೀವಲ್ಲ, ಆ ಥರದ ಕರುಣೆ. ಆ ಮಗುನ ಹೆಸರು ಹಿಡಿದು ಕರೆದಾಗಲೆಲ್ಲ ಸೀನಾಯಿ ಬೆಟ್ಟದ ಆ ಮಾತಿನ ಮುಂದೆ ಒಂದು 'ಇಲ್ಲ' ಸೇರ್ಕೊಂಡ ಹಾಗೆ.

ಮೂರನೇದು ಗಂಡು ಮಗು, ಲೋ ಅಮ್ಮಿ. 'ಅಮ್' ಅಂದ್ರೆ ಜನ, 'ಅಮ್ಮಿ' ನನ್ನ ಜನ, 'ಲೋ' ಅಂದ್ರೆ ಅಲ್ಲ. ವಿಮೋಚನಕಾಂಡ 6:7ರಲ್ಲಿ ದೇವರು ಐಗುಪ್ತದಲ್ಲಿದ್ದ ಗುಲಾಮರಿಗೆ ಕೊಟ್ಟ ಮಾತು ನಿಮ್ಮನ್ನ ನನ್ನ ಜನವಾಗಿ ತಗೋತೀನಿ, ನಾನು ನಿಮ್ಮ ದೇವರಾಗಿರ್ತೀನಿ ಅಂತ, ಯಾಜಕಕಾಂಡ 26:12ರಲ್ಲೂ ಅದೇ ಬರುತ್ತೆ, ಇದು ಒಡಂಬಡಿಕೆಯ, ಅಂದ್ರೆ ದೇವರು ಇಸ್ರಾಯೇಲರ ಜೊತೆ ಮಾಡ್ಕೊಂಡ ಒಪ್ಪಂದದ, ಬೆನ್ನೆಲುಬು ಇದ್ದ ಹಾಗೆ. ಹೋಶೇಯ 1:9 ಅದನ್ನೇ ಮುರಿಯುತ್ತೆ. ಅಷ್ಟೇ ಅಲ್ಲ, ಆ ವಚನದ ಕೊನೆ ಭಾಗ ಹೀಬ್ರೂನಲ್ಲಿ ಅಕ್ಷರಶಃ 'ನಾನು ನಿಮಗೆ ಎಹ್ಯೆ ಅಲ್ಲ' ಅಂತಿದೆ, ಎಹ್ಯೆ ಅಂದ್ರೆ 'ಇರುತ್ತೇನೆ', ಉರಿಯೋ ಪೊದೆ ಹತ್ರ ಮೋಶೆ ದೇವರ ಹೆಸರು ಕೇಳಿದಾಗ ಸಿಕ್ಕಿದ್ದೂ ಇದೇ ಪದ (ವಿಮೋಚನಕಾಂಡ 3:14). ಅನುವಾದದಲ್ಲಿ ಇದು ಕಾಣೋದು ಕಷ್ಟ, ಆದ್ರೆ ಹೀಬ್ರೂ ಕೇಳ್ತಿದ್ದೋರಿಗೆ ಎದೆಗೆ ಚುಚ್ಚಿದ ಹಾಗೆ ಆಗಿರ್ಬೇಕು.

ಇಷ್ಟು ಹೇಳಿದ ಉಸಿರಲ್ಲೇ 1:10 ಬರುತ್ತೆ (ಹೀಬ್ರೂ ಬೈಬಲಲ್ಲಿ ಇದು 2:1, ನಂಬರ್ ಬೇರೆ ಅಂತ ಗಾಬರಿ ಆಗ್ಬೇಡಿ): ಇಸ್ರಾಯೇಲರ ಸಂಖ್ಯೆ ಸಮುದ್ರದ ಮರಳಿನಂತೆ, ಅಳೆಯೋಕೂ ಎಣಿಸೋಕೂ ಆಗದಷ್ಟು. ಮರಳು ಅಂದ್ರೆ ಎಲ್ಲರೂ ಆದಿಕಾಂಡ 22:17, ಅಬ್ರಹಾಮ ಅಂತಾರೆ, ಸರಿನೇ. ಆದ್ರೆ ಮಾತಿನ ಜೋಡಣೆ ನೋಡಿದ್ರೆ 32:12 ಇನ್ನೂ ಹತ್ತಿರ ಅನ್ಸುತ್ತೆ ನಂಗೆ, ಅಲ್ಲೂ ಸಮುದ್ರದ ಮರಳು, ಎಣಿಸಲಾಗದಷ್ಟು ಅಂತಿದೆ. ಏಸಾವ 400 ಜನರನ್ನ ಕರ್ಕೊಂಡು ಬರ್ತಿದ್ದಾನೆ ಅಂತ ಹೆದರಿದ ಯಾಕೋಬ ದೇವರಿಗೆ ನೆನಪಿಸಿದ ಮಾತು ಅದು, ಅದೂ ಮೊದಲು ಬೇತೇಲ್ ಅನ್ನೋ ಊರಲ್ಲಿ ದೇವರಿಂದ ಅವನಿಗೆ ಸಿಕ್ಕಿದ್ದು ಭೂಮಿಯ ಧೂಳಿನ ಹೋಲಿಕೆ, ಮರಳು ತಾತ ಅಬ್ರಹಾಮನಿಗೆ ಸಿಕ್ಕಿದ್ದು, ಅಂದ್ರೆ ಯಾಕೋಬನೇ ಆಗ ಹಳೇ ಮಾತನ್ನ ತನ್ನದು ಮಾಡ್ಕೊಂಡಿದ್ದ! ಹೋಶೇಯ 12ನೇ ಅಧ್ಯಾಯದಲ್ಲಿ ಯಾಕೋಬನ ಹೋರಾಟ, ಕಣ್ಣೀರು, ಬೇತೇಲ್ ಎಲ್ಲ ಬರೋದ್ರಿಂದ ಈ ಕಥೆ ಅವನ ಮನಸ್ಸಲ್ಲಿತ್ತು ಅನ್ನೋದು ಖಂಡಿತ. ಉತ್ತರ ರಾಜ್ಯದ ರಾಜಧಾನಿ ಸಮಾರ್ಯ ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರ ಕೈಗೆ ಬಿತ್ತು, ಆ ಬೀಳೋ ರಾಜ್ಯಕ್ಕೇ ಎಣಿಸಲಾಗದ ಮರಳಿನ ಮಾತು ಹೇಳಿದ್ದು ಇವನು.

ಯೆರೆಮೀಯ 31:33ರ ಹೊಸ ಒಡಂಬಡಿಕೆ ಓದುವಾಗಲೂ ಇದೇ ಕಣ್ಣಲ್ಲಿ ನೋಡಿ, ಹೊಸದು ಅಂತಾನೆ, ಆದ್ರೆ ಮುಗಿಸೋದು 'ನಾನು ಅವರ ದೇವರು, ಅವರು ನನ್ನ ಜನ' ಅನ್ನೋ ಅದೇ ವಿಮೋಚನಕಾಂಡದ ಮಾತಿಂದ. ಹೊಸ ಒಡಂಬಡಿಕೆಯಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಹೋಶೇಯನ ಈ ವಚನಗಳನ್ನೇ ತಗೊಂಡು ಅನ್ಯಜನರಿಗೂ ಅನ್ವಯಿಸ್ತಾನೆ, ಅದಕ್ಕೆ ಬೇರೆಯಾಗೇ ಕೂರಬೇಕು.

ಈಗ ಹೋಶೇಯ 2:22-23ಕ್ಕೆ ಬನ್ನಿ, ಮೂರೂ ಹೆಸರು ತಿರುಗುತ್ತೆ. ಇಜ್ರೇಲ್ ಅಂದ್ರೆ 'ದೇವರು ಬಿತ್ತುತ್ತಾನೆ' ಅಂತನೂ ಅರ್ಥ, ದೇವರು ಇಸ್ರಾಯೇಲನ್ನ 'ಅವಳು' ಅಂತ ಕರೆದು, ಅವಳನ್ನ ದೇಶದಲ್ಲಿ ಬಿತ್ಕೋತೀನಿ ಅಂತಾನೆ, ಲೋ ರುಹಾಮಳಿಗೆ ಕರುಣೆ ತೋರಿಸ್ತೀನಿ, ಲೋ ಅಮ್ಮಿಗೆ 'ನೀನು ನನ್ನ ಜನ' ಅಂತೀನಿ ಅಂತಾನೆ. ವಿಮೋಚನಕಾಂಡ 6:7ರಲ್ಲಿ ಎರಡೂ ಕಡೆಯ ಮಾತನ್ನ ದೇವರೊಬ್ಬನೇ ಆಡಿದ್ದ, ಇಲ್ಲಿ ಮಾತ್ರ ಉಳಿದ ಅರ್ಧನ ಆ ಜನರ ಬಾಯಿಗೆ ಬಿಟ್ಟಿದ್ದಾನೆ, ಅವರು ಕೊಡೋ ಉತ್ತರ, ಹೀಬ್ರೂನಲ್ಲಿ ಒಂದೇ ಪದ: 'ಎಲೋಹಾಯ್', ನನ್ನ ದೇವರೇ.