ಪದ ಪರಿಚಯ: ರಾಯಧನ

1928ರ ಆಗಸ್ಟ್‌ನಲ್ಲಿ ಮೈಸೂರು ಅರಮನೆ ಒಬ್ಬ ಹಾಡುಗಾರ್ತಿಯನ್ನು ಕೆಲಸಕ್ಕೆ ತೆಗೆದುಕೊಂಡಿತು. ತಿಂಗಳಿಗೆ 500 ರೂಪಾಯಿ ಸಂಬಳ. ಅವರ ಹೆಸರು ಗೌಹರ್ ಜಾನ್. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಮೊದಲ ಸಲ ಭಾರತೀಯ ಹಾಡುಗಳನ್ನು ಪ್ಲೇಟಿಗೆ ಇಳಿಸಿದರಲ್ಲ, ಆಗ ಹಾಡಿದವರಲ್ಲಿ ದೊಡ್ಡ ಹೆಸರು ಇವರದೇ. ಮುಂದೆ ಹತ್ತಕ್ಕೂ ಜಾಸ್ತಿ ಭಾಷೆಗಳಲ್ಲಿ ಸುಮಾರು 600 ರೆಕಾರ್ಡುಗಳನ್ನು ಹಾಡಿದರು. ದೇಶದ ಮೂಲೆಮೂಲೆಯಲ್ಲಿ ಅವರ ದನಿ ಕೇಳುತ್ತಿತ್ತು. ಆದರೂ ಮೈಸೂರಿಗೆ ಬರುವ ಹೊತ್ತಿಗೆ ಅವರ ಕೈ ಬರಿದಾಗಿತ್ತು. ಕೋರ್ಟು ವ್ಯಾಜ್ಯಗಳಲ್ಲಿ ಆಸ್ತಿ ಕರಗಿತ್ತು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು.

'ರಾಯಧನ' ಎಂಬ ಪದದ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಗೌಹರ್ ಜಾನ್. ಅಷ್ಟೊಂದು ಮನೆಗಳಲ್ಲಿ ಹಾಡು ತಿರುಗುತ್ತಿರುವಾಗ ಹಾಡಿದವರು ಕೊನೆಗಾಲದಲ್ಲಿ ಅರಮನೆಯ ಬಾಗಿಲಿಗೆ ಯಾಕೆ ಬರಬೇಕಾಯಿತು? ಆ ಕಾಲದಲ್ಲಿ ಸಾಮಾನ್ಯವಾಗಿ ಹಾಡಿದ ದಿನವೇ ಇಂತಿಷ್ಟು ಎಂದು ಹಣ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಪ್ಲೇಟು ಹತ್ತು ಮಾರಾಟವಾದರೂ ಅಷ್ಟೇ, ಹತ್ತು ಸಾವಿರ ಮಾರಾಟವಾದರೂ ಅಷ್ಟೇ. ಮಾರಾಟವಾದಷ್ಟೂ ಹಾಡಿದವರಿಗೆ ಒಂದು ಪಾಲು ಸಿಗಬೇಕು ಎನ್ನುವುದೇ ರಾಯಧನ.

ಪದವನ್ನು ಬಿಡಿಸಿ ನೋಡೋಣ. ರಾಯ ಅಂದರೆ ರಾಜ. ಕೃಷ್ಣದೇವರಾಯ, ದೇವರಾಯ ಎನ್ನುವಾಗ ಬರುವ ರಾಯನೇ ಇಲ್ಲೂ ಇರುವುದು. ರಾಯನಿಗೆ ಸೇರಬೇಕಾದ ಧನ ರಾಯಧನ. ಇಂಗ್ಲಿಷಿನ 'ರಾಯಲ್ಟಿ'ಗೆ ನಾವು ಮಾಡಿಕೊಂಡ ಮಾತು ಇದು. ಇಂಗ್ಲೆಂಡಿನಲ್ಲಿ ನೆಲದಡಿಯ ಚಿನ್ನ, ಬೆಳ್ಳಿ ರಾಜನ ಸ್ವತ್ತು. ಅದನ್ನು ಅಗೆದು ತೆಗೆಯುವವನು ರಾಜನಿಗೆ ಪಾಲು ಕೊಡಬೇಕಿತ್ತು. ನಮ್ಮಲ್ಲಿ ಇವತ್ತಿಗೂ ಗಣಿ ಇಲಾಖೆಯ ಕಾಗದಗಳಲ್ಲಿ 'ರಾಜಧನ' ಎಂಬ ಮಾತು ಇದೆ. ಕಲ್ಲು, ಮರಳು, ಅದಿರು ತೆಗೆದವರು ಸರ್ಕಾರಕ್ಕೆ ಕಟ್ಟುವ ಹಣ ಅದು.

ಪುಸ್ತಕಕ್ಕೆ, ಹಾಡಿಗೆ ಬಂದಾಗ ಈ ಪದ ತಿರುಗುಮುರುಗಾಯಿತು. ರಾಜ ನಿಂತಿದ್ದ ಜಾಗದಲ್ಲಿ ಈಗ ಹಾಡು ಕಟ್ಟಿದವರು ನಿಂತಿದ್ದಾರೆ. ಹಾಡು ಅವರ ಗಣಿ. ಅದರಿಂದ ಯಾರು ದುಡಿದರೂ ಅವರಿಗೆ ಪಾಲು ಕೊಡಬೇಕು. ಈ ಅರ್ಥ ನನಗೆ ತುಂಬಾ ಇಷ್ಟ.

ಇದನ್ನು ಇದರ ನೆಂಟ ಪದಗಳಿಂದ ಬೇರೆ ಮಾಡಿ ನೋಡಬೇಕು. ಕಚೇರಿ ಮಾಡಿದ್ದಕ್ಕೆ ಕೊಡುವುದು ಸಂಭಾವನೆ. ಮರ್ಯಾದೆಗೆಂದು ಕೊಡುವುದು ಗೌರವಧನ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ನಮ್ಮ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ತಿಂಗಳು ತಿಂಗಳು ಕೊಡುವುದು ಮಾಸಾಶನ. ಸಂಘ ಸಂಸ್ಥೆಗಳಿಗೆ ಕೊಡುವುದು ಅನುದಾನ. ಇವುಗಳಲ್ಲಿ ಕೊಡುವವರು ಒಬ್ಬರು ಇರುತ್ತಾರೆ. ಎಷ್ಟು, ಯಾರಿಗೆ, ಯಾವಾಗ ಎಂದು ಅವರೇ ತೀರ್ಮಾನ ಮಾಡುತ್ತಾರೆ. ರಾಯಧನ ಹಾಗಲ್ಲ. ಅದು ಹಾಡು ಕೇಳಿದವರಿಂದ ಹಾಡಿನ ಲೆಕ್ಕಕ್ಕೆ ತಾನಾಗಿ ಬರಬೇಕಾದ ಪಾಲು. ಅದಕ್ಕೆ ಅರ್ಜಿ ಹಾಕಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ.

ಹಾಗಂತ ರಾಜಾಶ್ರಯವನ್ನು ಹಗುರ ಮಾಡಿ ಮಾತಾಡಲು ನನಗೆ ಮನಸ್ಸಿಲ್ಲ. ಮೈಸೂರಿನವರಿಗಂತೂ ಆಗುವುದೇ ಇಲ್ಲ. ವೀಣೆ ಶೇಷಣ್ಣ, ಬಿಡಾರಂ ಕೃಷ್ಣಪ್ಪ, ಮುತ್ತಯ್ಯ ಭಾಗವತರು, ಮೈಸೂರು ವಾಸುದೇವಾಚಾರ್ಯರು, ಇವರೆಲ್ಲ ಆ ಅರಮನೆಯ ನೆರಳಲ್ಲಿ ಬೆಳಗಿದವರು. ಜಯಚಾಮರಾಜ ಒಡೆಯರ್ ಅವರ ಕೈ ಇನ್ನೂ ದೂರ ಚಾಚಿತ್ತು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಉಳಿಯಬೇಕೆಂದು 1940ರ ದಶಕದ ಕೊನೆಯಲ್ಲಿ ಅವರು ಹಣ ಕೊಟ್ಟು ರೆಕಾರ್ಡ್ ಮಾಡಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಸಾಯುವ ಮುಂಚೆ ತಮ್ಮ ಸಂಗೀತವನ್ನು ತಾವೇ ನುಡಿಸಿ ಪ್ಲೇಟಿನಲ್ಲಿ ಉಳಿಸಿ ಹೋಗಲು ಅವರಿಗೆ ಆದದ್ದು ಮೈಸೂರಿನ ದುಡ್ಡಿನಿಂದ. ಇದನ್ನು ನೆನೆದಾಗಲೆಲ್ಲ ಹೆಮ್ಮೆಯಾಗುತ್ತದೆ.

ಆದರೆ ಆ ಮಹಾರಾಜರಿಗೆ ಮೆಟ್ನರ್ ಇಷ್ಟವಾಗದೇ ಇದ್ದಿದ್ದರೆ? ಆಶ್ರಯ ಯಾವಾಗಲೂ ಕೊಡುವವರ ರುಚಿಯ ಹಿಂದೆ ಹೋಗುತ್ತದೆ. ರಾಜರು ಹೋಗಿ ಸರ್ಕಾರ ಬಂದ ಮೇಲೂ ಇದು ಬದಲಾಗಲಿಲ್ಲ. ಆಕಾಶವಾಣಿಯನ್ನೇ ನೋಡಿ. (ಆ ಹೆಸರೂ ನಮ್ಮದೇ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಶುರು ಮಾಡಿದ ಪುಟ್ಟ ರೇಡಿಯೊ ಕೇಂದ್ರಕ್ಕೆ ಇಟ್ಟ ಹೆಸರು ಅದು.) 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆಯ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಮೇಲೆ ಅವರಿಗೆ ನಿಜವಾದ ಪ್ರೀತಿ ಇತ್ತು. ಎಷ್ಟೋ ವಿದ್ವಾಂಸರಿಗೆ ರೇಡಿಯೊದಿಂದ ಅನ್ನ ಸಿಕ್ಕಿತು. ಅದೇ ಹೊತ್ತಿಗೆ ಸಿನಿಮಾ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಜನ ಸುಮ್ನೆ ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಾಕಿಕೊಂಡರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುವಾದ ಮೇಲೆ ಆ ಹಾಡುಗಳಿಗೆ ಮತ್ತೆ ಜಾಗ ಸಿಕ್ಕಿತು. ಹಾರ್ಮೋನಿಯಂ ಪಾಡಂತೂ ಇನ್ನೂ ಕಷ್ಟ. 1940ರಿಂದ ಸುಮಾರು 30 ವರ್ಷ ಅದಕ್ಕೆ ಆಕಾಶವಾಣಿಯಲ್ಲಿ ಬಾಗಿಲು ಮುಚ್ಚಿತ್ತು. ನಾಟಕ ಕಂಪನಿಗಳ ಪೇಟಿ ಮಾಸ್ತರುಗಳ ಕೈಚಳಕವನ್ನು ಊರೂರಿನ ಜನ ಮೆಚ್ಚುತ್ತಿದ್ದರು. ಸರ್ಕಾರದ ರೇಡಿಯೊಗೆ ಮಾತ್ರ ಅದು ಬೇಡವಾಗಿತ್ತು.

ರಾಯಧನದ ಬೆಲೆ ನನಗೆ ಅರ್ಥವಾಗುವುದು ಇಲ್ಲಿ. ಕೇಳುಗರಿಂದ ನೇರವಾಗಿ ಪಾಲು ಬರುವ ಕಲಾವಿದ ಅರಮನೆಯ ರುಚಿಗೂ ಮಂತ್ರಿಯ ರುಚಿಗೂ ಕಾಯಬೇಕಿಲ್ಲ. ಆಳುವವರ ಬಗ್ಗೆ ಕಟುವಾದ ಒಂದು ಹಾಡು ಕಟ್ಟಿದರೂ ಅವರ ಒಲೆ ಉರಿಯುತ್ತದೆ.

ಹಾಗಾದರೆ ಆ ಪಾಲು ಯಾಕೆ ಬರುವುದಿಲ್ಲ? ಒಂದು ಕಾರಣ ಕಾನೂನಿನಲ್ಲೇ ಇತ್ತು. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆ 1957ರದು. ಒಂದು ಹಾಡಿನಲ್ಲಿ ಹಲವರ ಹಕ್ಕು ಸೇರಿರುತ್ತದೆ. ಸಾಹಿತ್ಯ ಬರೆದವರದು, ರಾಗ ಹಾಕಿದವರದು, ಹಾಡಿದವರದು, ರೆಕಾರ್ಡ್ ಮಾಡಿಸಿದ ಕಂಪನಿಯದು. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿದ ಸಿನಿಮಾ ಹಾಡಿನ ಹಕ್ಕು ನಿರ್ಮಾಪಕರದು ಎಂದಿತು. ಅದೇ ತೀರ್ಪಿಗೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬೇರೆಯಾಗಿ ನಾಲ್ಕು ಮಾತು ಸೇರಿಸಿದರು. ಹಾಡುವವರಿಗೆ ಹಕ್ಕೇ ಇಲ್ಲ ಎನ್ನುವುದು ನಮ್ಮ ಸಂಗೀತದ ರೀತಿಗೆ ಹೊಂದುವುದಿಲ್ಲ ಎಂದು ಅವರು ಬರೆದರು. ನಮ್ಮಲ್ಲಿ ಅದೇ ಕೀರ್ತನೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ ಅರಳುತ್ತದೆ, ಅಲ್ವಾ? ಅದನ್ನು ಬಲ್ಲವರ ಮಾತು ಅದು. ಹಾಡುಗಾರರಿಗೆ ಕಾನೂನಿನಲ್ಲಿ ಹಕ್ಕು ಸಿಗಲು 1994ರವರೆಗೆ ಕಾಯಬೇಕಾಯಿತು.

ದೊಡ್ಡ ಬದಲಾವಣೆ ಆದದ್ದು 2012ರ ತಿದ್ದುಪಡಿಯಲ್ಲಿ. ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು ಕಂಪನಿಗೆ ಹಕ್ಕನ್ನು ಮಾರಿದರೂ, ಸಿನಿಮಾ ಮಂದಿರದ ಆಚೆ ಆ ಹಾಡು ಬಳಕೆಯಾದಾಗ ಬರುವ ರಾಯಧನದಲ್ಲಿ ಅವರಿಗೆ ಸಮಪಾಲು ಇದ್ದೇ ಇರುತ್ತದೆ. ಈ ಪಾಲನ್ನು ಬರೆದುಕೊಡಲು ಆಗುವುದಿಲ್ಲ. ವಾರಸುದಾರರಿಗೆ ಇಲ್ಲವೇ ಸದಸ್ಯರ ಪರವಾಗಿ ರಾಯಧನ ಪಡೆದು ಹಂಚುವ ಹಕ್ಕುಗಳ ಸಂಘಕ್ಕೆ ಮಾತ್ರ ವಹಿಸಬಹುದು. 'ಎಲ್ಲ ಹಕ್ಕೂ ಬಿಟ್ಟುಕೊಟ್ಟಿದ್ದೇನೆ' ಎಂದು ಸಹಿ ಮಾಡಿಸಿಕೊಂಡರೆ ಆ ಸಾಲು ಊರ್ಜಿತವಲ್ಲ. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಕವಿಯೊಬ್ಬ ಏನಕ್ಕೆ ಬೇಕಾದರೂ ಸಹಿ ಹಾಕುತ್ತಾನೆ ಎಂಬುದನ್ನು ಅರಿತು ಮಾಡಿದ ನಿಯಮ ಇದು.

ಇನ್ನೊಂದು ಕಾರಣ ಕಳ್ಳಪ್ರತಿ. ಇದರಲ್ಲಿ ನಮ್ಮೆಲ್ಲರ ಪಾಲೂ ಇದೆ. ಹಾಡುಗಳ ಪಟ್ಟಿ ಬರೆದುಕೊಟ್ಟು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಆಮೇಲೆ ಒಂದೇ ಸಿಡಿಯಲ್ಲಿ ನೂರಾರು ಎಂಪಿ3 ಹಾಡು ಬಂದವು. ಆಮೇಲೆ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಟ್ಟರೆ 'ಹಳೇದಾ, ಹೊಸದಾ, ಭಕ್ತಿಗೀತೆನಾ?' ಎಂದು ಕೇಳಿ ತುಂಬಿಸಿಕೊಡುತ್ತಿದ್ದರು. ಅಂಗಡಿಯವರಿಗೆ ದುಡ್ಡು ಕೊಟ್ಟೆವು. ಹಾಡಿನವರಿಗೆ ಏನೂ ಹೋಗುತ್ತಿಲ್ಲ ಎಂದು ಆಗ ಹೊಳೆಯಲೇ ಇಲ್ಲ. ಈಗ ಟೆಲಿಗ್ರಾಂ ಗುಂಪುಗಳು, ಹಾಡನ್ನು ಕಿತ್ತು ಇಳಿಸಿಕೊಡುವ ತಾಣಗಳು ಬಂದಿವೆ. ಉತ್ತರ ಕರ್ನಾಟಕದಲ್ಲಿ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರ್ ಇಟ್ಟು ಹಾಕುತ್ತಾರಲ್ಲ ಜಾನಪದ ಹಾಡು, ಅವು ಡಿಜೆ ಮಿಕ್ಸ್ ಆಗಿ ಯಾರ್ಯಾರದೋ ಚಾನೆಲ್ಲಿನಲ್ಲಿ ಓಡುತ್ತವೆ. ಕಟ್ಟಿದವರ ಹೆಸರೂ ಎಷ್ಟೋ ಸಲ ಇರುವುದಿಲ್ಲ. ನನಗೆ ತುಂಬಾ ನೋವಾಗುವುದು ಇದಕ್ಕೇ. ದೊಡ್ಡ ಕಂಪನಿಗೆ ವಕೀಲರಿದ್ದಾರೆ. ಹಳ್ಳಿಯ ಹಾಡುಗಾರನಿಗೆ ಯಾರಿದ್ದಾರೆ?

ಇಲ್ಲಿ ಸರ್ಕಾರದ ಪಾತ್ರ ವಿಚಿತ್ರವಾಗಿದೆ. ಒಂದು ಕಡೆ ಅದು ಶಿಕ್ಷೆ ಕೊಡುವ ಕೈ. ಕೃತಿಸ್ವಾಮ್ಯ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದು ಸಾಲದೆಂದು ಕರ್ನಾಟಕ 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ಆಡಿಯೊ, ವಿಡಿಯೊ ಕಳ್ಳಪ್ರತಿ ಮಾಡುವವರನ್ನೂ ಸೇರಿಸಿತು. ಆ ಕಾಯ್ದೆಯಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿ ಇಡಬಹುದು. ನನಗೆ ಇದು ಸರಿ ಕಾಣುವುದಿಲ್ಲ. ಗೂಂಡಾಗಿರಿ ಬೇರೆ, ಹಾಡು ಕದಿಯುವುದು ಬೇರೆ. ಅದಲ್ಲದೆ ಒಬ್ಬನನ್ನು ಒಳಗೆ ಹಾಕಿದರೆ ಹಾಡುಗಾರನ ಖಾತೆಗೆ ಒಂದು ರೂಪಾಯಿಯೂ ಬರುವುದಿಲ್ಲ.

ಇನ್ನೊಂದು ಕಡೆ ಬೆಲೆ ಕಟ್ಟುವ ಕೈಯೂ ಸರ್ಕಾರದ್ದೇ ಆಗಿತ್ತು. ಎಫ್‌ಎಂ ರೇಡಿಯೊಗಳು ಹಾಡಿಗೆ ಎಷ್ಟು ಕೊಡಬೇಕು ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 2010ರಲ್ಲಿ ಸರ್ಕಾರ ನೇಮಿಸಿದ್ದ ಕಾಪಿರೈಟ್ ಬೋರ್ಡ್, ಜಾಹೀರಾತಿನ ನಿವ್ವಳ ಆದಾಯದಲ್ಲಿ ನೂರಕ್ಕೆ 2 ಎಂದು ಗೊತ್ತು ಮಾಡಿತು. ಹಾಡಿಲ್ಲದೆ ಆ ಸ್ಟೇಷನ್ನುಗಳು ಒಂದು ಗಂಟೆಯಾದರೂ ನಡೆಯುತ್ತಿದ್ದವೇ?

ಜಾಸ್ತಿ ಜನರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿಗಳ ಪಟ್ಟಿ ಇದೆ. ದೇವರ ಕಾರ್ಯದಲ್ಲಿ, ಮದುವೆ ಮೆರವಣಿಗೆಯಲ್ಲಿ, ಮದುವೆಯ ಸಂಭ್ರಮದಲ್ಲಿ ಹಾಡು ಹಾಕಿದರೆ ರಾಯಧನ ಕೊಡಬೇಕಿಲ್ಲ. ಅದು ಸರಿಯೇ. ನಮ್ಮ ಮದುವೆ ಮನೆಗಳಲ್ಲಿ ಹಾಡು ಇರಲೇಬೇಕು, ಅದಕ್ಕೆ ಲೆಕ್ಕ ಹಿಡಿಯುವುದು ಬೇಡ. ಆದರೆ ಅದೇ ಸಾಲಿನಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳ, ಸ್ಥಳೀಯ ಸಂಸ್ಥೆಗಳ ಅಧಿಕೃತ ಸಮಾರಂಭಗಳಿಗೂ ವಿನಾಯಿತಿ ಇದೆ. ವೇದಿಕೆಯಲ್ಲಿ ಹಾಡಿದ ತಂಡಕ್ಕೆ ಇಲಾಖೆ ಸಂಭಾವನೆ ಕೊಡಬಹುದು. ಹಾಡು ಬರೆದವರಿಗೆ ಮಾತ್ರ ಪಾಲಿಲ್ಲ. ಪೆಂಡಾಲಿಗೆ, ಹಾರಕ್ಕೆ, ಊಟಕ್ಕೆ ಬಿಲ್ಲು ಪಾಸಾಗುತ್ತದೆ. ಹಾಡು ಬರೆದವರಿಗೂ ಅದೇ ಖರ್ಚಿನಲ್ಲಿ ಒಂದು ಪಾಲು ಇಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೊಡುವುದನ್ನು ಸರ್ಕಾರ ತಾನೇ ರೂಢಿ ಮಾಡಿಕೊಂಡರೆ ಉಳಿದವರಿಗೂ ಕೇಳುವ ಬಾಯಿ ಬರುತ್ತದೆ.

ರಾಯಧನದಿಂದ ಎಲ್ಲರೂ ಬದುಕುತ್ತಾರೆ ಎಂದು ನಾನು ಹೇಳುತ್ತಿಲ್ಲ. ಗಮಕ ವಾಚನಕ್ಕೆ, ನೀಲಗಾರರ ಹಾಡಿಗೆ ಲಕ್ಷಗಟ್ಟಲೆ ಕೇಳುಗರು ಇರುವುದಿಲ್ಲ. ಅಂಥ ಕಡೆ ಅನುದಾನ, ಮಾಸಾಶನ ಬೇಕೇ ಬೇಕು. ಇನ್ನು ಹಳೆಯ ಕೃತಿಗಳಿಗೆ ರಾಯಧನವೇ ಇಲ್ಲ. ಕೃತಿಕಾರರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದು. ಪುರಂದರದಾಸರ ಪದ, ತ್ಯಾಗರಾಜರ ಕೀರ್ತನೆ ಯಾರು ಬೇಕಾದರೂ ಹಾಡಬಹುದು. ಹಾಗಿದ್ದರೂ ಅವನ್ನು ಹಾಡಿ ನೆಟ್ಟಿಗೆ ಹಾಕಿದ ಎಷ್ಟೋ ಕಲಾವಿದರಿಗೆ ರೆಕಾರ್ಡ್ ಕಂಪನಿಯ ಹೆಸರಿನಲ್ಲಿ 'ಇದು ನಮ್ಮ ಹಾಡು' ಎಂಬ ನೋಟಿಸು ಬರುತ್ತದೆ. ಯಂತ್ರ ಒಂದು ಹಳೆಯ ರೆಕಾರ್ಡಿಂಗನ್ನು ಇಟ್ಟುಕೊಂಡು ರಾಗ ಹೊಂದಿಸಿ ನೋಡುತ್ತದೆ ಅಷ್ಟೇ. ಕಂಪನಿಯ ಹಕ್ಕು ಇರುವುದು ಆ ರೆಕಾರ್ಡಿಂಗಿನ ಮೇಲೆ, ಕೀರ್ತನೆಯ ಮೇಲಲ್ಲ. ನೋಟಿಸು ಬಂದರೆ ಹೆದರಿ ತೆಗೆಯಬೇಡಿ, ಆಕ್ಷೇಪ ಹಾಕಿ.

ಈಗ ಪಾಲು ಪಡೆಯುವ ಬಗೆ. ಸಾಹಿತ್ಯ ಬರೆಯುವವರಿಗೆ, ಸಂಗೀತ ಕೊಡುವವರಿಗೆ 1969ರಿಂದ ಐಪಿಆರ್‌ಎಸ್ ಎಂಬ ಸಂಘ ಇದೆ. ಅದು ಬಳಸಿದವರಿಂದ ಹಣ ಪಡೆದು ಸದಸ್ಯರಿಗೆ ಹಂಚುತ್ತದೆ. ಹಾಡುವವರಿಗೆಂದು 2013ರಲ್ಲಿ ಬೇರೆ ಸಂಘವೂ ಹುಟ್ಟಿತು. ಸದಸ್ಯರಾಗದೆ ಇದ್ದರೆ, ಹಾಡುಗಳನ್ನು ಅಲ್ಲಿ ನೋಂದಾಯಿಸದೆ ಇದ್ದರೆ, ನಿಮ್ಮ ಹಾಡಿನ ಹಣ ನಿಮ್ಮ ಬಾಗಿಲು ಮುಟ್ಟುವುದು ಕಷ್ಟ. ನೆಟ್ಟಿಗೆ ಹಾಡು ಹಾಕುವಾಗ ತುಂಬುವ ಫಾರಂ ಇರುತ್ತದಲ್ಲ, ಅದರಲ್ಲಿ ಬರೆದವರು, ರಾಗ ಹಾಕಿದವರು, ಹಾಡಿದವರು ಎಂಬ ಕಲಂಗಳನ್ನು ಖಾಲಿ ಬಿಡಬೇಡಿ. ಯಂತ್ರ ಪಾಲು ಹಂಚುವುದು ಆ ಹೆಸರುಗಳನ್ನು ನೋಡಿ.

ಗೌಹರ್ ಜಾನ್ ತಮ್ಮ ಹಾಡಿನ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನವರಿಗೆ ಭಾಷೆ ಗೊತ್ತಿಲ್ಲ. ಹಾಡು ಯಾರದು ಎಂದು ತಿಳಿದು ಚೀಟಿ ಅಂಟಿಸಲಿ ಎಂದು ಹಾಗೆ ಹೇಳಿಸುತ್ತಿದ್ದರು. ಆ ಪ್ಲೇಟುಗಳ ದನಿ ಈಗ ನೆಟ್ಟಿನಲ್ಲಿ ಸಿಗುತ್ತದೆ. ಕೊನೆಯ ತನಕ ಕೇಳಿ, ಹೆಸರು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ.